ಹೆಸರು ಕೇಳಿದೊಡನೆ ಏನು ನೆನಪಾಗುತ್ತದೆ? ಬ್ರ್ಯಾಂಡ್ ನಂಟಿನ ಬಗ್ಗೆ ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾಣ, ಮಂಡಕ್ಕಿ ಭಟ್ಟಿ, ಹೋಟೆಲು, ಸೀರೆ ಅಂಗಡಿ, ಬೇಕರಿ ನಡೆಸುವವರು ಮತ್ತು ಬಿ.ಕಾಂ., ಎಂ.ಬಿ.ಎ. ಓದುವ ಹುಡುಗ ಹುಡುಗಿಯರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಸುಲಭದ್ದು ಮೊದಲು, ಬಿಗಿಯಾದದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಿದರೂ ಅರ್ಥವಾಗುತ್ತದೆ.

## ಮೊದಲಿಗೆ

ಬ್ರ್ಯಾಂಡ್ ಅಂದ್ರೆ ಲೋಗೋ, ಬೋರ್ಡು ಅಷ್ಟೇ ಅಲ್ವಾ? ಈ "ನಂಟು" ಅಂದ್ರೆ ಏನ್ರೀ?

ಲೋಗೋ, ಬೋರ್ಡು, ಡಬ್ಬಿಯ ಬಣ್ಣ ಇವೆಲ್ಲ ಗುರುತುಗಳು. ಆ ಗುರುತು ಕಣ್ಣಿಗೆ ಬಿದ್ದಾಗ ಅಥವಾ ಹೆಸರು ಕಿವಿಗೆ ಬಿದ್ದಾಗ ಗಿರಾಕಿಯ ಮನಸ್ಸಿನಲ್ಲಿ ಏಳುವ ಒಂದೊಂದು ನೆನಪೂ ಒಂದೊಂದು ನಂಟು. ಮೈಸೂರ್ ಸ್ಯಾಂಡಲ್ ಸೋಪು ಎಂದು ಹೇಳಿ ನೋಡಿ. ಗಂಧದ ಪರಿಮಳ, ಮೊಟ್ಟೆಯಾಕಾರದ ಬಿಲ್ಲೆ, ಆನೆಯ ತಲೆ ಸಿಂಹದ ಮೈಯ ಶರಭ, ನೆಂಟರು ಬಂದಾಗ ಬಚ್ಚಲಿಗೆ ಇಡುವ ಹೊಸ ಸೋಪು, "ನಮ್ಮ ಸರ್ಕಾರದ್ದು" ಎಂಬ ಭಾವ, ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. 1918ರಿಂದ ಒಂದೇ ಪರಿಮಳ ಮೂಗಿಗೆ ಬಿದ್ದೂ ಬಿದ್ದೂ ಕಟ್ಟಿದ ನಂಟದು. ಗ್ರಾಹಕ ಬ್ರ್ಯಾಂಡನ್ನು ಹೇಗೆ ಕಾಣುತ್ತಾನೆ ಎನ್ನುವುದು ಇಂಥ ನಂಟುಗಳ ಒಟ್ಟು ಮೊತ್ತ. ಅದರಲ್ಲಿ ಸಿಹಿಯೂ ಇರುತ್ತದೆ, ಕಹಿಯೂ ಇರುತ್ತದೆ.

ದಾವಣಗೆರೆ ಅಂದ್ರೆ ಬೆಣ್ಣೆದೋಸೆ. ಹಂಗಾದ್ರೆ ಅದೂ ಬ್ರ್ಯಾಂಡ್ ನಂಟೇನಾ?

ಹೌದು, ಬಲು ಗಟ್ಟಿ ನಂಟು. ಊರಿನ ಹೆಸರು ಹೇಳಿದರೆ ತಿಂಡಿ ನೆನಪಾಗುತ್ತದೆ, ತಿಂಡಿಯ ಹೆಸರು ಹೇಳಿದರೆ ಊರು ನೆನಪಾಗುತ್ತದೆ. ಎರಡೂ ದಿಕ್ಕಿಗೆ ಎಳೆಯುವ ನಂಟು ಅಪರೂಪ. ಇದರಲ್ಲಿ ಸಣ್ಣ ಸಣ್ಣ ಎಳೆಗಳೂ ಇವೆ: ಹಿಟ್ಟಿಗೆ ಮಂಡಕ್ಕಿ ಸೇರಿಸುವುದು, ದೋಸೆಯ ಮೇಲೆ ಬಿಳಿ ಬೆಣ್ಣೆಯ ಮುದ್ದೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ನೀರಾದ ಕಾಯಿ ಚಟ್ನಿ, ಸಾಂಬಾರು ಇಲ್ಲದಿರುವುದು. ಬೇರೆ ಊರಿನ ಹೋಟೆಲಿನಲ್ಲಿ ಇದೇ ಹೆಸರಿಟ್ಟು ಸಾಂಬಾರು ತಂದಿಟ್ಟರೆ ದಾವಣಗೆರೆಯವರ ಹುಬ್ಬು ಮೇಲೇರುತ್ತದೆ. ತಪ್ಪು ನಡೆದಾಗ ಜನ ಗುರುತಿಸುತ್ತಾರಲ್ಲ, ನಂಟು ಬೇರೂರಿದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ವ್ಯಾಪಾರ ಮಾಡುವವರು ಇಲ್ಲೊಂದು ಕಡೆ ಎಡವುತ್ತಾರೆ. ಆ ನಂಟು ಊರಿನದು, ಯಾವ ಒಂದು ಹೋಟೆಲಿನದೂ ಅಲ್ಲ. "ದಾವಣಗೆರೆ ಬೆಣ್ಣೆದೋಸೆ" ಎಂಬ ಬೋರ್ಡು ಗಿರಾಕಿಯನ್ನು ಒಳಗೆ ಕರೆತರುತ್ತದೆ, ಆದರೆ ಪಕ್ಕದ ಹೋಟೆಲಿನ ಬೋರ್ಡೂ ಅದನ್ನೇ ಹೇಳುತ್ತಿರುತ್ತದೆ. ಊರಿನ ಹೆಸರಿನಿಂದ ಬಂದವನು ನಿಮ್ಮ ಹೆಸರನ್ನು ಹುಡುಕಿಕೊಂಡು ಎರಡನೇ ಸಲ ಬರಬೇಕಾದರೆ ನಿಮ್ಮದೇ ಆದ ಇನ್ನೊಂದು ನಂಟು ಬೇಕು. ಕೆಳಗಿನ ಬಹುಪಾಲು ಉತ್ತರಗಳು ಆ ಇನ್ನೊಂದನ್ನು ಹುಡುಕುವ ಬಗ್ಗೆಯೇ ಇವೆ.

ಊರಿಗೆಲ್ಲ ನಮ್ಮ ಹೆಸರು ಗೊತ್ತು. ಆದ್ರೂ ವ್ಯಾಪಾರ ಏಳ್ತಿಲ್ಲ. ಯಾಕೆ?

ಹೆಸರು ಗೊತ್ತಿರುವುದು ಬೇರೆ, ಬೇಕಾದ ಹೊತ್ತಿಗೆ ಹೆಸರು ನೆನಪಾಗುವುದು ಬೇರೆ. "ಚೌಕಿಪೇಟೆಯಲ್ಲಿ ಇಂಥ ಅಂಗಡಿ ಇದೆಯಲ್ಲ" ಎಂದರೆ "ಹೌದು, ಇದೆ" ಎನ್ನುವವರು ನೂರಾರು ಜನ ಇರಬಹುದು. ಪ್ರಶ್ನೆ ತಿರುಗಿಸಿ: "ಮಗಳ ಮದುವೆಗೆ ಸೀರೆ ತೆಗೀಬೇಕು, ಎಲ್ಲಿಗೆ ಹೋಗ್ತೀರಿ?" ಇದಕ್ಕೆ ನಿಮ್ಮ ಹೆಸರು ಬಾರದಿದ್ದರೆ ಸಂದರ್ಭದ ಜೊತೆ ನಿಮಗೆ ನಂಟಿಲ್ಲ ಎಂದರ್ಥ. ಮದುವೆ, ಸೀಮಂತ, ಗೃಹಪ್ರವೇಶ, ಜಾತ್ರೆ, ಸಂಬಳದ ದಿನ, ಮಳೆ ಬಂದ ಸಂಜೆ, ಹೀಗೆ ನಿಮ್ಮ ಮಾಲು ಬೇಕಾಗುವ ಸಂದರ್ಭಗಳನ್ನು ಬರೆದಿಟ್ಟುಕೊಂಡು ಒಂದೊಂದಕ್ಕೂ ಜನ ಯಾರ ಹೆಸರು ಹೇಳುತ್ತಾರೆಂದು ಕೇಳಿ. ಮಳೆಯ ಸಂಜೆಗೆ ಮಂಡಕ್ಕಿ ಮಿರ್ಚಿ ಎಂಬ ನಂಟು ನಮ್ಮಲ್ಲಿ ತಾನಾಗಿಯೇ ಇದೆ. ಅದಕ್ಕೆ ತಮ್ಮ ಅಂಗಡಿಯ ಹೆಸರನ್ನು ಗಂಟು ಹಾಕಿದವರು ಮಾತ್ರ ಕಡಿಮೆ.

ಡಾಲ್ಡಾ, ಜೆರಾಕ್ಸ್ ತರ ನಮ್ಮ ಹೆಸರೇ ಮಾಲಿನ ಹೆಸರಾದ್ರೆ ಒಳ್ಳೇದಲ್ವಾ?

ಕೇಳುವುದಕ್ಕೆ ಚೆನ್ನ, ಗಲ್ಲಾಪೆಟ್ಟಿಗೆಗೆ ಅಷ್ಟೇನೂ ಅಲ್ಲ. ಜನ "ಡಾಲ್ಡಾ ಕೊಡಿ" ಎಂದು ಯಾವ ಕಂಪನಿಯ ವನಸ್ಪತಿಯನ್ನಾದರೂ ಒಯ್ದರು. "ಜೆರಾಕ್ಸ್ ಅಂಗಡಿ"ಯಲ್ಲಿರುವ ಯಂತ್ರ ಬಹಳ ಸಲ ಬೇರೆ ಕಂಪನಿಯದು. ಹೆಸರು ಇಡೀ ಜಾತಿಯ ಮಾಲಿಗೆ ಹರಡಿದಾಗ ಅದರ ವಿಶೇಷ ಕಳೆದುಹೋಗುತ್ತದೆ. ಕೆಲವು ದೇಶಗಳಲ್ಲಿ ಇಂಥ ಹೆಸರುಗಳು ಟ್ರೇಡ್‌ಮಾರ್ಕ್ ಹಕ್ಕನ್ನೂ ಕಳೆದುಕೊಂಡಿವೆ. ನಿಮ್ಮ ಚೀಲದ ಮೇಲೆ ಹೆಸರಿನ ಜೊತೆ ಮಾಲಿನ ಹೆಸರನ್ನೂ ಬರೆಯಿರಿ: "ಇಂಥವರ ಮಂಡಕ್ಕಿ", "ಇಂಥವರ ಗಾಣದ ಎಣ್ಣೆ".

ನಂಟುಗಳಲ್ಲಿ ಬಗೆಗಳಿವೆಯಾ?

ಪುಸ್ತಕಗಳು ಉದ್ದ ಪಟ್ಟಿ ಕೊಡುತ್ತವೆ. ಅಂಗಡಿ ಕೆಲಸಕ್ಕೆ ನಾಲ್ಕು ಸಾಕು. ಮಾಲಿನ ಗುಣ (ಘಮ, ಗರಿಗರಿ, ಗಟ್ಟಿ ನೇಯ್ಗೆ), ಅದರಿಂದ ಸಿಗುವ ಅನುಕೂಲ (ಬೇಗ ಆಗುತ್ತದೆ, ಹೊಟ್ಟೆಗೆ ಹಗುರ), ಯಾರು ಯಾವಾಗ ಬಳಸುತ್ತಾರೆ ಎಂಬ ಚಿತ್ರ (ಹಾಸ್ಟೆಲ್ ಹುಡುಗರು, ಮದುವೆ ಮನೆ), ಮತ್ತು ಕೊಂಡವನಿಗೆ ತನ್ನ ಬಗ್ಗೆ ಆಗುವ ಭಾವ (ಮನೆಯವರಿಗೆ ಒಳ್ಳೆಯದನ್ನೇ ಕೊಟ್ಟೆ). ಕೊನೆಯದು ಗಟ್ಟಿಯಾಗಿ ನಿಲ್ಲುವಂಥದ್ದು, ಆದರೆ ಮೊದಲನೆಯದು ಸುಳ್ಳಾದರೆ ಅದೂ ನಿಲ್ಲುವುದಿಲ್ಲ.

## ಗಿರಾಕಿಯ ಮನಸ್ಸಿನಲ್ಲಿ ನಡೆಯುವುದು

ಒಂದೇ ಎಣ್ಣೆ ಎರಡು ಡಬ್ಬಿಗೆ ಹಾಕಿಟ್ಟೆ. ಜನ ಒಂದು ಚೆನ್ನಾಗಿದೆ, ಇನ್ನೊಂದು ಚೆನ್ನಾಗಿಲ್ಲ ಅಂದ್ರು. ಸುಳ್ಳು ಹೇಳ್ತಾರಾ?

ಸುಳ್ಳಲ್ಲ, ಅವರಿಗೆ ನಿಜಕ್ಕೂ ಹಾಗೇ ಅನ್ನಿಸಿದೆ. ನಾಲಿಗೆಗೆ ತಾಗುವ ಮೊದಲೇ ಕಣ್ಣು, ಹೆಸರು, ಬೆಲೆ ಒಂದು ನಿರೀಕ್ಷೆ ಹುಟ್ಟಿಸುತ್ತವೆ. ರುಚಿ ಆ ನಿರೀಕ್ಷೆಗೆ ಹತ್ತಿರವಿದ್ದರೆ ಮನಸ್ಸು ಅದನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ತೀರಾ ದೂರವಿದ್ದರೆ ಮಾತ್ರ "ಮೋಸ" ಅನ್ನಿಸಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಆದ್ದರಿಂದ ಚಂದದ ಡಬ್ಬಿ ಸಾಧಾರಣ ಎಣ್ಣೆಯನ್ನು ಸ್ವಲ್ಪ ಎತ್ತಬಹುದು, ಕಮಟು ಎಣ್ಣೆಯನ್ನು ಎತ್ತಲಾರದು.

1985ರಲ್ಲಿ ಕೋಕಾ ಕೋಲಾ ಈ ಪಾಠಕ್ಕೆ ದೊಡ್ಡ ಬೆಲೆ ಕೊಟ್ಟಿತು. ಸುಮಾರು 2 ಲಕ್ಷ ಜನರಿಗೆ ರುಚಿ ತೋರಿಸಿ, ಹೆಚ್ಚಿನವರು ಮೆಚ್ಚಿದ ಸಿಹಿಯಾದ ಹೊಸ ಪಾಕವನ್ನು ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ತಂದು ಹಳೆಯದನ್ನು ನಿಲ್ಲಿಸಿತು. ಅಮೆರಿಕದ ಜನ ಸಿಟ್ಟಿಗೆದ್ದರು. 79 ದಿನದಲ್ಲಿ ಹಳೆಯ ಪಾನೀಯ ಮರಳಿ ಬಂತು. ಪರೀಕ್ಷೆ ಅಳೆದದ್ದು ಒಂದು ಗುಟುಕಿನ ರುಚಿಯನ್ನು. ಜನ ಕಳೆದುಕೊಂಡದ್ದು ಬಾಲ್ಯದಿಂದ ಬಂದ ನಂಟನ್ನು. "ಹಳೆಯದನ್ನು ಕಿತ್ತುಕೊಂಡರೆ ನಿಮಗೆ ಹೇಗನ್ನಿಸುತ್ತದೆ?" ಎಂಬ ಪ್ರಶ್ನೆಗೆ ತಕ್ಕ ತೂಕ ಸಿಗಲಿಲ್ಲ.

ಬೆಲೆ ಇಳಿಸಿದ್ರೆ "ಕಡಿಮೆ ದರ್ಜೆ ಮಾಲು" ಅಂತ ತಿಳ್ಕೊಳ್ತಾರಾ?

ಕೊಳ್ಳುವ ಮುಂಚೆ ಗಿರಾಕಿಗೆ ಗುಣ ಪರೀಕ್ಷಿಸಲು ಬರುತ್ತದೆಯೇ ಎಂಬುದರ ಮೇಲೆ ನಿಂತಿದೆ. ಟೊಮೆಟೊ ಹಿಸುಕಿ ನೋಡಬಹುದು, ಮಂಡಕ್ಕಿ ಬಾಯಿಗೆ ಹಾಕಿ ನೋಡಬಹುದು. ಅಲ್ಲಿ ಬೆಲೆ ಇಳಿದರೆ ಲಾಭ ಎಂದೇ ತಿಳಿಯುತ್ತಾರೆ. ಎಣ್ಣೆಯ ಕಲಬೆರಕೆ, ರೇಷ್ಮೆಯ ಅಸಲಿತನ, ಬಣ್ಣ ನಿಲ್ಲುತ್ತದೆಯೋ ಇಲ್ಲವೋ ಎನ್ನುವುದು ಅಂಗಡಿಯಲ್ಲಿ ಕಾಣುವುದಿಲ್ಲ. ಆಗ ಬೆಲೆಯೇ ಗುಣದ ಗುರುತಾಗುತ್ತದೆ. ಮಾರುಕಟ್ಟೆಯ ದರಕ್ಕಿಂತ ತೀರಾ ಕೆಳಗೆ ಹೋದರೆ ಮೊದಲು ಏಳುವುದು ಅನುಮಾನ.

ಎರಡು ಉದಾಹರಣೆ ಅಕ್ಕಪಕ್ಕ ಇಡಿ. 1969ರಲ್ಲಿ ಅಹಮದಾಬಾದಿನಲ್ಲಿ ಶುರುವಾದ ನಿರ್ಮಾ ಪುಡಿ ದೊಡ್ಡ ಕಂಪನಿಯ ಪುಡಿಗಿಂತ ತುಂಬಾ ಕಡಿಮೆ ಬೆಲೆಗೆ ಬಂದು ಗೆದ್ದಿತು. ಬಟ್ಟೆ ಬಿಳುಪಾಯಿತೇ ಎಂದು ಮೊದಲ ಒಗೆತದಲ್ಲೇ ಗೊತ್ತಾಗುತ್ತಿತ್ತು, ಮತ್ತು ಪುಡಿ ಯಾವುದೆಂದು ಬೀದಿಗೆ ತೋರಿಸಬೇಕಿರಲಿಲ್ಲ. 2009ರಲ್ಲಿ ಬಂದ ಟಾಟಾ ನ್ಯಾನೋ "ಒಂದು ಲಕ್ಷದ ಕಾರು" ಎಂದೇ ಹೆಸರಾಯಿತು. ಕಾರು ಮನೆ ಮುಂದೆ ನಿಲ್ಲುತ್ತದೆ, ನಾಲ್ಕು ಜನ ನೋಡುತ್ತಾರೆ. "ಅತಿ ಅಗ್ಗದ್ದು" ಎಂಬ ನಂಟು ಅಲ್ಲಿ ಭಾರವಾಯಿತು. 2018ರ ಹೊತ್ತಿಗೆ ತಯಾರಿಕೆ ಬಹುತೇಕ ನಿಂತಿತು. ಕಾರಣ ಇದೊಂದೇ ಅಲ್ಲ, ಆದರೆ ದೊಡ್ಡದರಲ್ಲಿ ಒಂದು.

ಬೆಲೆ ಇಳಿಸಲೇಬೇಕಿದ್ದರೆ ಕಾರಣವನ್ನು ಜೊತೆಗಿಡಿ. "ಹೊಸ ಶೇಂಗಾ ಬಂದಿದೆ, ದರ ಇಳಿದಿದೆ" ಅಥವಾ "ನಿಮ್ಮದೇ ಕ್ಯಾನ್ ತಂದರೆ ಡಬ್ಬಿಯ ದುಡ್ಡು ಉಳಿಯುತ್ತದೆ" ಎಂದರೆ ಅನುಮಾನಕ್ಕೆ ಜಾಗ ಇರುವುದಿಲ್ಲ.

ಪ್ಯಾಕೆಟ್ ಹಳೇದಾಗಿ ಕಾಣ್ತದೆ. ಪೂರ್ತಿ ಬದಲಾಯಿಸಬಹುದಾ?

ಪೂರ್ತಿ ಬೇಡ. ಕಿರಾಣಿ ಅಂಗಡಿಯಲ್ಲಿ ಗಿರಾಕಿ ಪ್ಯಾಕೆಟ್ಟನ್ನು ಓದುವುದಿಲ್ಲ, ದೂರದಿಂದ ಬಣ್ಣ ಮತ್ತು ಆಕಾರ ಗುರುತಿಸಿ ಕೈಚಾಚುತ್ತಾನೆ. ಓದು ಬಾರದ ಅಜ್ಜಿಯೂ ನಂದಿನಿಯ ನೀಲಿ ಪ್ಯಾಕೆಟ್ ಕೇಳಿ ತರುತ್ತಾಳೆ. 2009ರಲ್ಲಿ ಅಮೆರಿಕದಲ್ಲಿ ಟ್ರಾಪಿಕಾನಾ ಹಣ್ಣಿನ ರಸದ ಡಬ್ಬಿಯಿಂದ ಸ್ಟ್ರಾ ಚುಚ್ಚಿದ ಕಿತ್ತಳೆಯ ಚಿತ್ರ ತೆಗೆದು ಹೊಸ ವಿನ್ಯಾಸ ತಂದರು. ರಸ ಅದೇ ಇತ್ತು. ಎರಡು ತಿಂಗಳೊಳಗೆ ಮಾರಾಟ ಸುಮಾರು 20% ಕುಸಿದು ಹಳೆಯ ಡಬ್ಬಿ ಮರಳಿ ಬಂತು.

ಬದಲಾಯಿಸುವ ಮೊದಲು ಹೀಗೆ ಮಾಡಿ. ಹೆಸರನ್ನು ಕಾಗದದಿಂದ ಮುಚ್ಚಿ ಹಳೆಯ ಪ್ಯಾಕೆಟ್ಟನ್ನು 10 ಅಡಿ ದೂರದಿಂದ ಇಪ್ಪತ್ತು ಗಿರಾಕಿಗಳಿಗೆ ತೋರಿಸಿ, ಯಾರದ್ದೆಂದು ಕೇಳಿ. ಸರಿಯಾಗಿ ಹೇಳಿದವರಿಗೆ "ಏನು ನೋಡಿ ಗೊತ್ತಾಯಿತು?" ಎಂದು ಕೇಳಿ. ಹೆಚ್ಚು ಜನ ಹೇಳಿದ ಎರಡು ಗುರುತುಗಳನ್ನು ಮುಟ್ಟಬೇಡಿ. ಉಳಿದದ್ದನ್ನು ಒಂದು ಸಲಕ್ಕೆ ಒಂದರಂತೆ ಬದಲಾಯಿಸಿ.

## ಅಳೆದು ನೋಡುವುದು

ನಮ್ಮ ಹೆಸರು ಕೇಳಿದ್ರೆ ಜನರಿಗೆ ಏನು ನೆನಪಾಗ್ತದೆ ಅಂತ ತಿಳಿಯೋದು ಹೆಂಗೆ?

ಒಂದು ನೋಟ್‌ಬುಕ್, ಗಡಿಯಾರ, ಎರಡು ದಿನ ಸಾಕು. ಕೇಳುವ ಕೆಲಸ ಮಾಲೀಕರು ಮಾಡಬಾರದು. ಮುಖ ನೋಡಿ ಜನ ಮಾತು ಬದಲಿಸುತ್ತಾರೆ. ಅಂಗಡಿಯೊಳಗೂ ಕೇಳಬಾರದು, ಅಲ್ಲಿ ಸಿಗುವವರು ಮೊದಲೇ ಒಪ್ಪಿ ಬಂದವರು. ಗೊತ್ತಿಲ್ಲದ ಒಬ್ಬ ಹುಡುಗನೋ ಹುಡುಗಿಯೋ ಬಸ್ ನಿಲ್ದಾಣ, ಸಂತೆ, ಕಾಲೇಜಿನ ಮುಂದೆ ಕೇಳಲಿ.

ಮೊದಲು ಮಾಲಿನ ಬಗ್ಗೆ ಕೇಳಬೇಕು: "ಅಡುಗೆ ಎಣ್ಣೆ ಅಂದಾಗ ಯಾವ ಯಾವ ಹೆಸರು ನೆನಪಾಗ್ತವೆ?" ನಿಮ್ಮ ಹೆಸರು ಎಷ್ಟನೆಯದಾಗಿ ಬಂತು ಎಂದು ಗುರುತು ಹಾಕಿಕೊಳ್ಳಲಿ. ಆಮೇಲೆ ನಿಮ್ಮದೂ ಸೇರಿ ಮೂರು ಹೆಸರು ಕೊಟ್ಟು, ಒಂದೊಂದಕ್ಕೂ "ಈ ಹೆಸರು ಕೇಳಿದ ಕೂಡಲೇ ಮನಸ್ಸಿಗೆ ಬರೋ ಮೂರು ಮಾತು ಹೇಳಿ" ಎನ್ನಬೇಕು. ಹೆಸರುಗಳ ಸರದಿಯನ್ನು ಪ್ರತಿಯೊಬ್ಬರಿಗೂ ಬದಲಿಸಬೇಕು, ಇಲ್ಲವಾದರೆ ಮೊದಲ ಹೆಸರಿಗೆ ಹೆಚ್ಚು ಮಾತು ಬೀಳುತ್ತವೆ. ಒಂದೊಂದಕ್ಕೆ 20 ಸೆಕೆಂಡಿಗಿಂತ ಹೆಚ್ಚು ಕಾಯುವುದು ಬೇಡ. ತಡವಾಗಿ ಬಂದದ್ದು ಯೋಚಿಸಿ ಹೇಳಿದ್ದು, ತಟ್ಟನೆ ನೆನಪಾದದ್ದಲ್ಲ. ಕೊನೆಗೆ ಅವರೇ ಹೇಳಿದ ಪ್ರತಿ ಮಾತಿಗೂ "ಇದು ಒಳ್ಳೇದಾ, ಕೆಟ್ಟದ್ದಾ, ಎರಡೂ ಅಲ್ವಾ?" ಎಂದು ಕೇಳಬೇಕು. ಇದನ್ನು ಬಿಡುವಂತಿಲ್ಲ. "ಹಳೇ ಅಂಗಡಿ" ಎಂಬುದು ಒಬ್ಬರಿಗೆ ನಂಬಿಕೆ, ಇನ್ನೊಬ್ಬರಿಗೆ ಜೇಡರಬಲೆ.

ಮಾತುಗಳನ್ನು ಅವರು ಆಡಿದ ಹಾಗೇ ಬರೆಯಬೇಕು. "ಘಮ್ ಅಂತದೆ" ಅಂದದ್ದನ್ನು "ಉತ್ತಮ ಸುವಾಸನೆ" ಎಂದು ತಿದ್ದಿದರೆ ಅರ್ಧ ವಿಷಯ ಹೋಯಿತು.

ಬಂದ ಮಾತುಗಳನ್ನ ಎಣಿಸಿ ಏನು ಮಾಡ್ಬೇಕು?

ಮೂರು ಪ್ರಶ್ನೆ ಹಾಕಿಕೊಳ್ಳಿ. ಎಷ್ಟು ಜನ ಹೇಳಿದರು? ಒಳ್ಳೆಯದೆಂದು ಹೇಳಿದರೋ ಕೆಟ್ಟದ್ದೆಂದೋ? ಬೇರೆ ಹೆಸರಿಗೂ ಅದೇ ಮಾತು ಬಂತೋ, ನಿಮಗೆ ಮಾತ್ರವೋ?

ಲೆಕ್ಕ ತೋರಿಸಲು ಚಳ್ಳಕೆರೆ ಕಡೆಯ ಒಂದು ಕಲ್ಪನೆಯ ಗಾಣ ತೆಗೆದುಕೊಳ್ಳೋಣ. 36 ಜನರನ್ನು ಕೇಳಿದಾಗ "ಶುದ್ಧ" ಎಂದವರು 22, "ಘಮ" 19, "ದುಬಾರಿ" 15, "ಕಣ್ಣೆದುರೇ ಹಿಂಡ್ತಾರೆ" 11, "ತಳದಲ್ಲಿ ಗಸಿ" 9. ಮಾಲೀಕ ತಕ್ಷಣ "ಶುದ್ಧ" ಎಂದು ದೊಡ್ಡದಾಗಿ ಬೋರ್ಡ್ ಬರೆಸಲು ಹೊರಡುತ್ತಾನೆ. ಆದರೆ ಎದುರಾಳಿಯ ಹಾಳೆ ನೋಡಿದರೆ ಅಲ್ಲೂ "ಶುದ್ಧ" ಎಂದವರು 24. ಅಂದರೆ ಗಾಣದ ಎಣ್ಣೆ ಮಾರುವ ಎಲ್ಲರಿಗೂ ಬರುವ ಮಾತದು. ಇಲ್ಲದಿದ್ದರೆ ನಷ್ಟ, ಇದ್ದರೆ ವಿಶೇಷವೇನಿಲ್ಲ. "ಕಣ್ಣೆದುರೇ ಹಿಂಡ್ತಾರೆ" ಎಂಬುದು ಎದುರಾಳಿಗೆ ಒಬ್ಬರೂ ಹೇಳಿಲ್ಲ, ಇಲ್ಲಿ ಹೇಳಿದ 11 ಜನರೂ ಒಳ್ಳೆಯದೆಂದೇ ಹೇಳಿದ್ದಾರೆ. ಹಿಡಿಯಬೇಕಾದ ಎಳೆ ಅದು. ಗಾಣವನ್ನು ಗಾಜಿನ ಹಿಂದೆ ಬೀದಿಗೆ ಕಾಣುವಂತೆ ಇಡುವುದು, ಹಿಂಡಿದ ತಾರೀಖನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಹಾಕುವುದು, ದುಡ್ಡು ಅಲ್ಲಿಗೆ ಹೋಗಬೇಕು.

"ಗಸಿ" ಎಂದ 9 ಜನರಲ್ಲಿ ನಾಲ್ವರು ಕೆಟ್ಟದ್ದೆಂದೂ ಐವರು "ಸೋಸದ ಎಣ್ಣೆ, ಹಂಗೇ ಇರೋದು" ಎಂದೂ ಹೇಳಿದರೆ, ಒಂದೇ ಗುಣ ಎರಡು ದಿಕ್ಕಿಗೆ ಓಡುತ್ತಿದೆ. ಎಣ್ಣೆಯನ್ನು ಎರಡು ಮೂರು ದಿನ ತಿಳಿಯಾಗಲು ಬಿಟ್ಟು ಡಬ್ಬಿಗೆ ತುಂಬಿ, "ತಳದ ಗಸಿ ಶೇಂಗಾದ್ದೇ" ಎಂದು ಒಂದು ಸಾಲು ಬರೆದರೆ ಆ ನಾಲ್ವರ ಅನುಮಾನವೂ ಕಡಿಮೆಯಾಗುತ್ತದೆ.

ಎಷ್ಟು ಜನರನ್ನ ಕೇಳಿದ್ರೆ ಸಾಕು?

ಯಾವ ಯಾವ ನಂಟುಗಳಿವೆ ಎಂದು ಹುಡುಕಲು ಒಂದು ಬಗೆಯ ಗಿರಾಕಿಗೆ 30ರಿಂದ 40 ಜನ ಸಾಕು. ಅಷ್ಟರಲ್ಲಿ ಹೊಸ ಮಾತು ಬರುವುದು ನಿಲ್ಲುತ್ತದೆ. ಶೇಕಡಾ ಎಷ್ಟು ಎಂದು ಹೇಳಬೇಕಾದರೆ 30 ಸಾಲದು. 100 ಜನರನ್ನು ಕೇಳಿದಾಗ 50% ಬಂದರೆ ನಿಜ 40ರಿಂದ 60ರ ನಡುವೆ ಎಲ್ಲಾದರೂ ಇರಬಹುದು, 400 ಜನರಾದರೆ 45ರಿಂದ 55. ಇದೂ ಎಲ್ಲ ಬಗೆಯವರೂ ಆಯ್ಕೆಯಲ್ಲಿ ಬಂದಿದ್ದರೆ ಮಾತ್ರ. ನೂರು ಜನವೂ ಒಂದೇ ವಾಟ್ಸ್‌ಆ್ಯಪ್ ಗುಂಪಿನವರಾದರೆ ಎಷ್ಟು ಎಣಿಸಿದರೂ ವ್ಯರ್ಥ.

ಗಿರಾಕಿಗಳ ಬಗೆಯನ್ನು ಬೇರೆ ಬೇರೆ ಇಟ್ಟು ನೋಡುವುದು ಮುಖ್ಯ. ದಾವಣಗೆರೆಯಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಓದಲು ಹೊರಗಿನಿಂದ ಬಂದ ಹುಡುಗರಿಗೂ ಮಂಡಿಪೇಟೆಗೆ ವಾರಕ್ಕೊಮ್ಮೆ ಬರುವ ರೈತರಿಗೂ ಒಂದೇ ಹೋಟೆಲು ಬೇರೆ ಬೇರೆಯಾಗಿ ಕಾಣುತ್ತದೆ. ಇಬ್ಬರ ಉತ್ತರ ಕೂಡಿಸಿ ಸರಾಸರಿ ತೆಗೆದರೆ ಯಾರಿಗೂ ಹೊಂದದ ಚಿತ್ರ ಸಿಗುತ್ತದೆ.

ನಮ್ಮ ಜನ ಮುಖದ ಮೇಲೆ ಕೆಟ್ಟದ್ದು ಹೇಳಲ್ಲ. "ಚೆನ್ನಾಗೈತ್ರೀ" ಅಂತಾರೆ ಅಷ್ಟೇ. ಏನು ಮಾಡೋದು?

ನೇರವಾಗಿ ಕೇಳಬೇಡಿ, ಸುತ್ತಿ ಕೇಳಿ. "ಈ ಅಂಗಡಿ ಒಬ್ಬ ಮನುಷ್ಯ ಆಗಿದ್ರೆ ಎಂಥವರು? ವಯಸ್ಸೆಷ್ಟು? ಏನು ಉಟ್ಟಿರ್ತಾರೆ? ನಿಮ್ಮನ್ನ ಹೆಂಗೆ ಮಾತಾಡಿಸ್ತಾರೆ?" ಎಂದರೆ ಸಂಕೋಚ ಕಳೆಯುತ್ತದೆ. "ಬಿಳಿ ಪಂಚೆ, ಐವತ್ತೈದು ವರ್ಷ, ಮರ್ಯಾದಸ್ಥರು, ಆದರೆ ಚೌಕಾಸಿ ಮಾಡಿದ್ರೆ ಸಿಟ್ಟಾಗ್ತಾರೆ" ಎಂಬ ಉತ್ತರದಲ್ಲಿ ಬೇಕಾದ್ದೆಲ್ಲ ಇದೆ. "ನಿಮ್ಮ ಓರಗಿತ್ತಿ ಇದನ್ನ ಯಾಕೆ ತಗೊಳ್ಳಲ್ಲ ಅನ್ಸುತ್ತೆ?" ಎಂಬುದೂ ಒಳ್ಳೆಯ ಪ್ರಶ್ನೆ. ಬೇರೆಯವರ ಹೆಸರಿನಲ್ಲಿ ತಮ್ಮ ಮನಸ್ಸನ್ನೇ ಹೇಳುತ್ತಾರೆ.

ಇನ್ನೊಂದು ದಾರಿ, ಏಣಿ ಹತ್ತಿದಂತೆ "ಅದು ಯಾಕೆ ಮುಖ್ಯ?" ಎಂದು ಮೂರು ನಾಲ್ಕು ಸಲ ಕೇಳುವುದು. "ಗಟ್ಟಿ ನೇಯ್ಗೆ." ಯಾಕೆ ಮುಖ್ಯ? "ಬಹಳ ವರ್ಷ ಬಾಳ್ತದೆ." ಅದು ಯಾಕೆ? "ಮಗಳಿಗೆ ಕೊಡಬಹುದು." ಮೊಳಕಾಲ್ಮೂರು ಸೀರೆ ಮಾರುವವರು ಮೊದಲ ಮೆಟ್ಟಿಲಿನಲ್ಲೇ ನಿಂತು ದಾರದ ಎಣಿಕೆ ಹೇಳುತ್ತಾರೆ, ಕೊಳ್ಳುವ ತಾಯಿ ಮೂರನೇ ಮೆಟ್ಟಿಲಿನಲ್ಲಿರುತ್ತಾಳೆ. ಐದನೇ ಸಲವೂ "ಯಾಕೆ" ಎಂದರೆ ಮಾತ್ರ ಜನ ರೇಗುತ್ತಾರೆ.

ರುಚಿ ನಿಜವಾಗಿ ಬೇರೆ ಇದೆಯಾ, ಬರೀ ಹೆಸರಿನ ಮಹಿಮೆಯಾ? ಪರೀಕ್ಷೆ ಮಾಡೋದು ಹೆಂಗೆ?

ಮೂರು ಲೋಟದ ಪರೀಕ್ಷೆ ಮಾಡಿ. ಎರಡರಲ್ಲಿ ಒಂದೇ ಮಾಲು, ಮೂರನೆಯದರಲ್ಲಿ ಬೇರೆಯದು. ಬಟ್ಟಲು, ಅಳತೆ, ಬಿಸಿ ಎಲ್ಲ ಒಂದೇ ಇರಬೇಕು, ಮೇಲೆ ಮೂರಂಕಿಯ ಗುರುತು ಮಾತ್ರ. ಎ, ಬಿ, ಸಿ ಎಂದು ಬರೆದರೆ ಜನ ಎ-ಯನ್ನು ಒಳ್ಳೆಯದೆಂದು ಭಾವಿಸುತ್ತಾರೆ. ಒಂದರ ನಂತರ ಇನ್ನೊಂದಕ್ಕೆ ಹೋಗುವ ಮುಂಚೆ ನೀರು ಕೊಡಿ. ಬೇರೆಯದನ್ನು ಗುರುತಿಸಲು ಹೇಳಿ. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರೆ, ಹಾಗಾಗಿ 30 ಜನರಲ್ಲಿ 10 ಸರಿ ಬಂದರೆ ಏನೂ ಸಾಬೀತಾಗಲಿಲ್ಲ. 15 ಅಥವಾ ಹೆಚ್ಚು ಜನ ಗುರುತಿಸಿದರೆ ವ್ಯತ್ಯಾಸ ನಿಜವೆಂದು ಧೈರ್ಯವಾಗಿ ಹೇಳಬಹುದು.

ಇನ್ನೊಂದು ದಿನ, ಹೆಸರು ಮುಚ್ಚಿ ಒಂದು ಸಲ, ಹೆಸರು ತೋರಿಸಿ ಒಂದು ಸಲ ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿ. ಹೆಸರು ತೋರಿಸಿದಾಗ ಅಂಕ ಏರಿದರೆ ಆ ಏರಿಕೆ ನಿಮ್ಮ ನಂಟಿನ ಗಳಿಕೆ. ಇಳಿದರೆ ಮಾಲು ಚೆನ್ನಾಗಿದೆ, ಹೆಸರಿಗೆ ಏನೋ ಅಂಟಿಕೊಂಡಿದೆ.

ಗೂಗಲ್‌ನಲ್ಲಿ ಜನ ಬರೆದಿರೋದನ್ನ ಓದಿದ್ರೆ ಸಾಲದಾ?

ಅರ್ಧ ಸಾಕು. ಅಲ್ಲಿ ಬರೆಯುವವರು ತುಂಬಾ ಖುಷಿಯಾದವರು ಅಥವಾ ತುಂಬಾ ಸಿಟ್ಟಾದವರು, ನಡುವಿನವರು ಬರೆಯುವುದಿಲ್ಲ. ನಕ್ಷತ್ರಗಳ ಸರಾಸರಿ ಬಿಟ್ಟು ಪದಗಳನ್ನು ನೋಡಿ. ಕೊನೆಯ 50 ಬರಹಗಳಲ್ಲಿ ಮರುಕಳಿಸುವ ನಾಮಪದ ಎಣಿಸಿ: ಬೆಣ್ಣೆ, ಚಟ್ನಿ, ಕಾಯುವುದು, ಪಾರ್ಕಿಂಗ್. "ಕಾಯುವುದು" ಬಹಳ ಸಲ ಬಂದರೆ ನಿಮ್ಮ ಹೆಸರಿಗೆ ಅದೂ ಒಂದು ನಂಟಾಗುತ್ತಿದೆ.

## ಕಟ್ಟುವುದು, ಹಿಗ್ಗಿಸುವುದು

ಶುದ್ಧ, ರುಚಿ, ಅಗ್ಗ, ಆರೋಗ್ಯ, ಪರಂಪರೆ, ಎಲ್ಲಾನೂ ಬೋರ್ಡಲ್ಲಿ ಬರೆಸಿದೀವಿ. ಸಾಲದಾ?

ಜಾಸ್ತಿಯಾಯಿತು. ಐದು ಮಾತು ಹೇಳಿದರೆ ಒಂದೂ ನೆನಪಿರುವುದಿಲ್ಲ. ಒಂದನ್ನು ಆರಿಸಿಕೊಳ್ಳಿ. ಅದು ನಿಜವಾಗಿರಬೇಕು, ಗಿರಾಕಿಗೆ ಬೇಕಾದ್ದಾಗಿರಬೇಕು, ಎದುರಾಳಿ ಹೇಳದ್ದಾಗಿರಬೇಕು, ಪ್ರತಿ ದಿನ ನಿಮ್ಮಿಂದ ಪಾಲಿಸಲು ಆಗಬೇಕು. ನಾಲ್ಕನೆಯದೇ ಕಷ್ಟ. "ಗರಿಗರಿ ಮಂಡಕ್ಕಿ" ಎಂದು ಹೆಸರು ಕಟ್ಟಿಕೊಂಡವರು ಮಳೆಗಾಲದಲ್ಲಿ ಚೀಲದ ಬಾಯಿ ಬಿಗಿಯಾಗಿ ಕಟ್ಟದೆ ಅಂಗಡಿಗೆ ಕಳಿಸಿದರೆ, ತೇವ ಹೀರಿ ಮೆತ್ತಗಾದ ಮಂಡಕ್ಕಿಯೇ ಅವರ ನಂಟಾಗುತ್ತದೆ. ಪಾರದರ್ಶಕ ಬಾಟಲಿಯಲ್ಲಿ ಎಣ್ಣೆ ತುಂಬಿ ಬಿಸಿಲು ಬೀಳುವ ಕಪಾಟಿನಲ್ಲಿ ಸಾಲಾಗಿಟ್ಟರೆ ನೋಡಲು ಬಂಗಾರದಂತೆ ಹೊಳೆಯುತ್ತದೆ, ಒಳಗೆ ಕಮಟುತ್ತದೆ. ಬೆಳಕು ತಾಗದ ತಗಡಿನ ಡಬ್ಬಿ ಅಷ್ಟು ಚಂದ ಕಾಣದಿದ್ದರೂ ಮಾತು ಉಳಿಸುತ್ತದೆ.

ಜಾಹೀರಾತಿಗೆ ಇಡುವ ಹಣದಲ್ಲಿ ಮೊದಲ ಪಾಲು ಇಂಥ ಕೆಲಸಕ್ಕೆ ಹೋಗಲಿ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಹೇಳಿದ ಮಾತಿಗಿಂತ ಕೈಗೆ ಸಿಕ್ಕ ಅನುಭವ ಬಹಳ ಆಳಕ್ಕೆ ಇಳಿಯುತ್ತದೆ.

ಸಿನಿಮಾ ನಟನ್ನ ಕರೆಸಿ ಉದ್ಘಾಟನೆ ಮಾಡಿಸಿದ್ರೆ, ಜಾತ್ರೆಗೆ ಬ್ಯಾನರ್ ಕಟ್ಟಿಸಿದ್ರೆ ನಂಟು ಬರ್ತದಾ?

ಎರವಲು ನಂಟು ಬರುತ್ತದೆ, ಹೊಂದಿಕೆ ಇದ್ದರೆ ಮಾತ್ರ ಉಳಿಯುತ್ತದೆ. ನಟ ಬಂದ ದಿನ ಜನಜಂಗುಳಿ ಸೇರುತ್ತದೆ, ವಾರದ ನಂತರ ಕೇಳಿದರೆ ನಟ ಬಂದದ್ದು ನೆನಪು, ಅಂಗಡಿಯದ್ದು ಮರೆವು. ದುರ್ಗಾಂಬಿಕಾ ಜಾತ್ರೆಯಲ್ಲಿ ನೂರಾರು ಬ್ಯಾನರ್ ನಡುವೆ ನಿಮ್ಮದು ನೂರೊಂದನೆಯದು. ಅದೇ ಹಣಕ್ಕೆ ಭಕ್ತರಿಗೆ ಕುಡಿಯುವ ನೀರು, ಮಜ್ಜಿಗೆ ಕೊಟ್ಟರೆ ಬಾಯಾರಿದವನ ನೆನಪಿನಲ್ಲಿ ಹೆಸರು ಉಳಿಯುತ್ತದೆ. ನಿಮ್ಮ ಮಾಲೇ ಮೊಸರು ಮಜ್ಜಿಗೆಯಾದರಂತೂ ಕೇಳುವುದೇ ಬೇಡ.

ಎಣ್ಣೆಗೆ ಒಳ್ಳೇ ಹೆಸರಿದೆ. ಅದೇ ಹೆಸರಲ್ಲಿ ಉಪ್ಪಿನಕಾಯಿ, ಸೋಪು ಎಲ್ಲಾ ತರಬಹುದಾ?

ಹಳೆಯ ನಂಟು ಹೊಸ ಮಾಲಿಗೆ ಉಪಯೋಗಕ್ಕೆ ಬರುತ್ತದೆಯೇ ನೋಡಿ. ನಂದಿನಿ ಹಾಲಿನಿಂದ ತುಪ್ಪ, ಪೇಡ, ಐಸ್‌ಕ್ರೀಮಿಗೆ ಹೋದಾಗ "ಒಳ್ಳೆಯ ಹಾಲು" ಎಂಬ ನಂಟು ಜೊತೆಗೇ ನಡೆಯಿತು. ಗಾಣದ ಎಣ್ಣೆಯಿಂದ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿಗೆ ದಾರಿ ನೇರ. ಸೋಪಿಗೆ ಕಷ್ಟ: ತಿನ್ನುವ ಎಣ್ಣೆಗೆ ಸೋಪಿನ ವಾಸನೆ ಅಂಟುತ್ತದೆ, ಮೂಗಿಗಲ್ಲ, ಮನಸ್ಸಿಗೆ. ಹೊಸ ಮಾಲಿನ ಹೆಸರು ಹೇಳಿ ಮತ್ತೆ ಅದೇ ಮೂರು ಮಾತಿನ ಪರೀಕ್ಷೆ ಮಾಡಿ. ಜನ ಮುಖ ಸಿಂಡರಿಸಿದರೆ ಬೇರೆ ಹೆಸರಿಡಿ.

"ದಾವಣಗೆರೆ", "ಮೊಳಕಾಲ್ಮೂರು" ಅಂತ ಊರ ಹೆಸರು ನನ್ನದು ಅಂತ ನೋಂದಾಯಿಸಬಹುದಾ?

ಊರಿನ ಹೆಸರೊಂದನ್ನೇ ಟ್ರೇಡ್‌ಮಾರ್ಕ್ ಆಗಿ ಪಡೆಯುವುದು ಕಷ್ಟ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಮಾಲು ಹುಟ್ಟಿದ ಜಾಗವನ್ನು ಮಾತ್ರ ಹೇಳುವ ಗುರುತನ್ನು ಸಾಮಾನ್ಯವಾಗಿ ನಿರಾಕರಿಸುತ್ತಾರೆ. ಜೊತೆಗೆ ನಿಮ್ಮದೇ ಒಂದು ಹೆಸರು, ಚಿತ್ರ ಇರಲಿ. ಅರ್ಜಿ ಟಿಎಂ-ಎ ನಮೂನೆಯಲ್ಲಿ. ಆನ್‌ಲೈನಿನಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ದಿಮೆಗೆ ಒಂದು ವರ್ಗಕ್ಕೆ ₹4,500, ಉಳಿದವರಿಗೆ ₹9,000. ಖಾದ್ಯತೈಲ 29ನೇ ವರ್ಗ, ಮಂಡಕ್ಕಿ, ಮಸಾಲೆ 30, ಸೀರೆ 25, ಹೋಟೆಲು 43. ತಪ್ಪು ವರ್ಗಕ್ಕೆ ಹಾಕಿ ದುಡ್ಡು ಕಳೆದುಕೊಳ್ಳುವವರೇ ಹೆಚ್ಚು. ಅರ್ಜಿ ಸರ್ಕಾರದ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ 4 ತಿಂಗಳು ಯಾರಾದರೂ ಆಕ್ಷೇಪಿಸಬಹುದು. ಸಿಕ್ಕರೆ 10 ವರ್ಷ, ಆಮೇಲೆ ನವೀಕರಣ. ನೋಂದಣಿ ಇಲ್ಲದಿದ್ದರೂ ಹೆಸರು ಕದ್ದವರ ಮೇಲೆ ಕೋರ್ಟಿಗೆ ಹೋಗಲು ದಾರಿಯಿದೆ. ಅದಕ್ಕೆ ಹಳೆಯ ಬಿಲ್ಲು, ಬೋರ್ಡಿನ ಫೋಟೋ, ಜಾಹೀರಾತುಗಳನ್ನು ತಾರೀಖಿನ ಸಮೇತ ತೆಗೆದಿಡಿ.

ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಅದು ಆ ಭಾಗದ ನೇಕಾರರೆಲ್ಲರ ಹಕ್ಕು. ನೇಯುವವರು ಅಧಿಕೃತ ಬಳಕೆದಾರರೆಂದು ಹೆಸರು ದಾಖಲಿಸಿಕೊಂಡರೆ ನಕಲಿ ಸೀರೆಯ ವಿರುದ್ಧ ನಿಲ್ಲಲು ಬಲ ಬರುತ್ತದೆ. ಎಷ್ಟೋ ಮಗ್ಗದ ಮನೆಗಳಿಗೆ ಈ ಮಾತು ಇನ್ನೂ ಮುಟ್ಟಿಲ್ಲ, ಮುಟ್ಟಬೇಕು.

## ನಂಟು ಕೆಟ್ಟಾಗ

ನಮ್ಮ ತಿಂಡಿಯಲ್ಲಿ ಹುಳ ಇತ್ತು ಅಂತ ವಿಡಿಯೋ ಓಡಾಡ್ತಿದೆ. ಸುಮ್ಮನಿದ್ರೆ ಮರೀತಾರಾ?

ಸುಮ್ಮನಿರಬೇಡಿ. ಮೊದಲ ದಿನವೇ ಆ ತಂಡದ (ಒಟ್ಟಿಗೆ ತಯಾರಾದ ಬ್ಯಾಚಿನ) ಮಾಲನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿ. ಪ್ಯಾಕೆಟ್ಟಿನ ಮೇಲೆ ತಂಡದ ಸಂಖ್ಯೆ ಸರಿಯಾಗಿ ಇದ್ದರಷ್ಟೇ ಇದು ಸಾಧ್ಯ. ಸಂಖ್ಯೆ ಇಲ್ಲದವರು ಎಲ್ಲವನ್ನೂ ವಾಪಸ್ ತರಿಸಬೇಕಾಗುತ್ತದೆ. ವಿಡಿಯೋ ಮಾಡಿದವರ ಮನೆಗೆ ಹೋಗಿ ಮಾತಾಡಿ, ಬೆದರಿಸಬೇಡಿ. ತಪ್ಪು ಎಲ್ಲಾಯಿತು, ಏನು ಬದಲಿಸಿದಿರಿ ಎಂದು ಕಣ್ಣಿಗೆ ಕಾಣುವಂತೆ ತೋರಿಸಿ.

2003ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದಲ್ಲಿ ಕ್ಯಾಡ್ಬರಿ ಚಾಕೊಲೇಟಿನಲ್ಲಿ ಹುಳ ಸಿಕ್ಕಾಗ, "ಅಂಗಡಿಯವರು ಸರಿಯಾಗಿ ಇಟ್ಟಿಲ್ಲ" ಎಂಬ ವಾದ ಜನರಿಗೆ ಹಿಡಿಸಲಿಲ್ಲ. ಮರುವರ್ಷ ಕಂಪನಿ ಒಳಕಾಗದವನ್ನು ಶಾಖದಿಂದ ಮುಚ್ಚಿದ ಹೊಸ ಹೊದಿಕೆ ತಂದು, ಅಮಿತಾಭ್ ಬಚ್ಚನ್ ಮೂಲಕ ಅದನ್ನು ತೋರಿಸಿದ ಮೇಲೆ ಮಾರಾಟ ಚೇತರಿಸಿತು. ಗಿರಾಕಿ ಕೈಯಲ್ಲಿ ಹಿಡಿದು ನೋಡಬಹುದಾದ ಬದಲಾವಣೆ ಅದು. 2015ರ ಜೂನ್‌ನಲ್ಲಿ ನಿಷೇಧವಾಗಿದ್ದ ಮ್ಯಾಗಿ, ನ್ಯಾಯಾಲಯ ಆಗಸ್ಟ್‌ನಲ್ಲಿ ನಿಷೇಧ ರದ್ದು ಮಾಡಿದ ಮೇಲೆ ಮತ್ತೆ ಪರೀಕ್ಷೆ ಮುಗಿಸಿ ನವೆಂಬರ್‌ನಲ್ಲಿ ಬಂದಾಗ ಜನ ಮತ್ತೆ ಕೊಂಡರು. "ಎರಡು ನಿಮಿಷ", "ಅಮ್ಮ ಮಾಡಿಕೊಡುತ್ತಿದ್ದಳು" ಎಂಬ ಹಳೆಯ ನಂಟುಗಳು ಮೂರು ದಶಕದಿಂದ ಒಳಗಿದ್ದವು. ನಿನ್ನೆ ಶುರುವಾದ ಅಂಗಡಿಗೆ ಆ ಬೆಂಬಲ ಇರುವುದಿಲ್ಲ, ಆದ್ದರಿಂದ ಅದು ಇನ್ನೂ ಬೇಗ ಕೆಲಸ ಮಾಡಬೇಕು.

ಹಳೇ ನಂಟನ್ನ ಅಳಿಸಿ ಹಾಕೋಕೆ ಆಗ್ತದಾ?

ಅಳಿಸಲು ಆಗದು. ಬಳಸದೆ ಬಿಟ್ಟರೆ ಮಸುಕಾಗುತ್ತದೆ, ಅದರ ಮೇಲೆ ಹೊಸದು ಬೆಳೆಯುತ್ತದೆ. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಗಿರಣಿಗಳ ಸೈರನ್ ನಿಂತ ಮೇಲೆ ಹುಟ್ಟಿದವರಿಗೆ ಆ ಮಾತು ಪಠ್ಯಪುಸ್ತಕದ್ದು. ಅವರಿಗೆ ಊರೆಂದರೆ ದೋಸೆ, ಕಾಲೇಜು. ಯಾರೂ ಹಳೆಯದನ್ನು ಅಳಿಸಲು ದುಡ್ಡು ಹಾಕಲಿಲ್ಲ, ಹೊಸ ಅನುಭವ ಸಿಗುತ್ತಾ ಹೋಯಿತು ಅಷ್ಟೇ. "ನಮ್ಮಲ್ಲಿ ಈಗ ಕಲಬೆರಕೆ ಇಲ್ಲ" ಎಂದು ಬರೆದರೆ ಓದಿದವನಿಗೆ ಉಳಿಯುವುದು "ಕಲಬೆರಕೆ" ಎಂಬ ಪದ. ಬೇಡವಾದ ಮಾತನ್ನು ನೀವೇ ಮತ್ತೆ ಉಚ್ಚರಿಸಬೇಡಿ.

ಈ ಮೂರು ಮಾತಿನ ಪರೀಕ್ಷೆಯನ್ನ ಎಷ್ಟು ದಿನಕ್ಕೊಮ್ಮೆ ಮಾಡ್ಬೇಕು?

ವರ್ಷಕ್ಕೊಮ್ಮೆ, ಅದೇ ಪ್ರಶ್ನೆ, ಅದೇ ಜಾಗ, ಅದೇ ತಿಂಗಳು. ಯುಗಾದಿಗೆ ಕೇಳಿದ್ದನ್ನು ದೀಪಾವಳಿಗೆ ಕೇಳಿದ್ದರ ಜೊತೆ ಹೋಲಿಸಬೇಡಿ. ಹಬ್ಬದ ಜಾಹೀರಾತು ಉತ್ತರವನ್ನು ಉಬ್ಬಿಸುತ್ತದೆ. ಬೆಲೆ, ಪ್ಯಾಕೆಟ್ ಅಥವಾ ಪಾಕ ಬದಲಿಸಿದರೆ ಮಾತ್ರ ಮೂರು ತಿಂಗಳ ನಂತರ ಹೆಚ್ಚಿಗೆ ಒಂದು ಸಲ ಮಾಡಿ. ಹಳೆಯ ನೋಟ್‌ಬುಕ್ ಎಸೆಯಬೇಡಿ. ಮೂರನೇ ವರ್ಷದ ಹಾಳೆಯ ಪಕ್ಕ ಮೊದಲ ವರ್ಷದ್ದನ್ನು ಇಟ್ಟಾಗ ಯಾವ ಮಾತು ಮೇಲೇರಿತು, ಯಾವುದು ಕಾಣೆಯಾಯಿತು ಎಂದು ತಿಳಿಯುತ್ತದೆ.